ದರ್ಗಾ ರಸ್ತೆಯಲ್ಲಿ ತಹರಿ ಬಿಟ್ಟು ಉಳಿದದ್ದು: ಎಣ್ಣೆ ಡಬ್ಬಗಳ ಜಾಡು ಹಿಡಿದ ನನ್ನ ಅನುಭವ

ಕಲಬುರಗಿಯ ದರ್ಗಾ ರಸ್ತೆಯಲ್ಲಿ ತಹರಿ ಎಂಬ ಮಾಂಸದ ಅನ್ನ, ಬಿರಿಯಾನಿ ಬಿಟ್ಟು ಬೇರೆ ಊಟ ತೋರಿಸುತ್ತೇನೆ, ಅದಕ್ಕೆ ದುಡ್ಡೂ ಪಡೆಯುತ್ತೇನೆ ಎಂದಾಗ ಇದೇ ಕೆಲಸದಲ್ಲಿರುವ ಗೆಳೆಯರು ಬೇಡವೆಂದರು. ಬೀದರ್‌ನಲ್ಲಿ, ವಿಜಯಪುರದಲ್ಲಿ ಅತಿಥಿಗಳನ್ನು ಸುತ್ತಾಡಿಸಿ ಊಟ ಮಾಡಿಸುವವರು ಅವರು, ಅನುಭವಸ್ಥರು. "ಆ ರಸ್ತೆಗೆ ಬರುವವರು ತಹರಿಗೆಂದೇ ಬರುತ್ತಾರೆ, ತಿಂದು ಹೋಗುತ್ತಾರೆ, ನಡುವೆ ನಿನಗೇನು ಕೆಲಸ?" ಎಂಬುದು ಎಲ್ಲರ ಮಾತು. ಈಗ ಅತಿಥಿಗಳನ್ನು ಕರೆದೊಯ್ದು ಊಟ ಮಾಡಿಸುವ ನನ್ನ ನಡಿಗೆಗಳು ವಾರಕ್ಕೆ ಎರಡು ತುಂಬುತ್ತಿವೆ, ಕಾಯುವವರ ಪಟ್ಟಿಯೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುಂಪು ಕಟ್ಟುವುದು, ದರ ನಿಗದಿ ಮಾಡುವುದು, ಫೋಟೊ ಹಾಕುವುದು ಇದೇ ಕೆಲಸದಲ್ಲಿರುವ ನಿಮಗೆಲ್ಲ ಗೊತ್ತಿರುವ ಸಂಗತಿ. ನಾನು ಹುಡುಕಿದ ಬಗೆಯನ್ನಷ್ಟೇ ಹೇಳುತ್ತೇನೆ.

ತಹರಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಬಿರಿಯಾನಿಯಂತೆ ಪದರ ಹಾಕದೆ, ಅಕ್ಕಿ ಮತ್ತು ಮಾಂಸವನ್ನು ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಬೇಯಿಸುವ ಆ ಹಳದಿ ಅನ್ನವನ್ನು ಬೆಳಗಿನ ಹೊತ್ತು ತಿಂದವರಿಗೆ ಅದರ ಬೆಲೆ ಗೊತ್ತು. ಈ ದರ್ಗಾದ ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ತೀರಿಕೊಂಡರು. ಆರು ಶತಮಾನಗಳಿಂದ ಮಹಾರಾಷ್ಟ್ರದಿಂದ, ತೆಲಂಗಾಣದಿಂದ, ನಮ್ಮದೇ ಹಳ್ಳಿಗಳಿಂದ ಜನ ಬರುವ ಜಾಗ ಇದು. ಪಕ್ಕದಲ್ಲೇ ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ. ಇಷ್ಟು ಬಗೆಯ ಜನ ದಿನಾ ಉಣ್ಣುವ ಜಾಗದಲ್ಲಿ ಒಂದೇ ಬಗೆಯ ಅಡುಗೆ ಇರಲು ಸಾಧ್ಯವೇ ಇಲ್ಲ ಎಂಬುದು ನನ್ನ ಹಟ. ಫಲಕಗಳ ಮೇಲೆ ಬಿರಿಯಾನಿ ಎಂದಿರುವುದು ಅದು ಮಾರಾಟವಾಗುತ್ತದೆ ಎಂಬ ಕಾರಣಕ್ಕೆ. ಉಳಿದ ಅಡುಗೆಗೆ ಫಲಕವೇ ಬೇಡ, ಗಿರಾಕಿಗಳಿಗೆ ಜಾಗ ಮೊದಲೇ ಗೊತ್ತಿರುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೊಬೈಲ್ ನಕ್ಷೆ ತೆರೆದು ಹೆಚ್ಚು ನಕ್ಷತ್ರ ಪಡೆದ ಹೋಟೆಲುಗಳಿಗೆ ಹೋದೆ. ಎಲ್ಲ ಕಡೆಯೂ ಅದೇ ಮೆನು, ಅದೇ ಕೆಂಪು ಬಣ್ಣದ ಕಬಾಬ್, ಅದೇ ಗೋಬಿ. ಆಟೊ ಚಾಲಕರನ್ನು ಕೇಳಿದೆ. ಹೊರಗಿನವರು ಕೇಳಿದರೆ ಅವರು ದೊಡ್ಡ ಹೋಟೆಲನ್ನೇ ತೋರಿಸುತ್ತಾರೆ, ಅದು ಅವರ ಮರ್ಯಾದೆ. ಹೋಟೆಲ್ ಮಾಲೀಕರನ್ನು ಕೇಳಿದರೆ "ನಮ್ಮಲ್ಲೇ ಎಲ್ಲ ಸಿಗುತ್ತದೆ ಭಾಯಿ" ಎಂಬ ಉತ್ತರ. ಚೀಟಿ ಅಚ್ಚು ಹಾಕಿಸಿ "ನಿಮ್ಮ ಮನೆಯಲ್ಲಿ ಊಟ ಮಾರುತ್ತೀರಾ? ತಿಳಿಸಿ" ಎಂದು ಕಿರಾಣಿ ಅಂಗಡಿಗಳಲ್ಲಿ ಇಟ್ಟೆ. ಅಚ್ಚಿಗೆ 800 ರೂಪಾಯಿಯೋ ಏನೋ ಹೋಯಿತು, ಒಂದೇ ಒಂದು ಕರೆ ಬಂತು, ಅದೂ ಕೆಲಸ ಕೇಳಿ. ರುಚಿ ನೋಡಲೆಂದು ತಿಂಗಳಿಗೆ 4–5 ಸಾವಿರ ಖರ್ಚಾಗುತ್ತಿತ್ತು, ಕೈಗೆ ಹತ್ತಿದ್ದು ಬಿರಿಯಾನಿಯೇ. ಮನೆಯಲ್ಲಿ ಅಕ್ಕ ಲೆಕ್ಕದ ವಹಿ ತೆಗೆದು ಮುಂದಿಡುವ ಹಂತ ಬಂತು.

ದಾರಿ ತೆರೆದದ್ದು ಗುಜರಿ ಅಂಗಡಿಯಲ್ಲಿ. ಹೋಟೆಲಿನವರು ಹದಿನೈದು ಕೆ.ಜಿ.ಯ ಖಾಲಿ ಎಣ್ಣೆ ಡಬ್ಬಗಳನ್ನು ಗುಜರಿಯವರಿಗೆ ಮಾರುತ್ತಾರೆ. ನಮ್ಮ ಬಿರಿಯಾನಿ ಹೋಟೆಲುಗಳಿಂದ ಬರುವುದು ಪಾಮ್ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಡಾಲ್ಡಾ ಡಬ್ಬಗಳು. ಆ ರಾಶಿಯ ಒಂದು ಮೂಲೆಯಲ್ಲಿ ಸಾಸಿವೆ ಎಣ್ಣೆಯ ಡಬ್ಬಗಳು ಕುಳಿತಿದ್ದವು. ಕಲಬುರಗಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಯಾರು ಅಡುಗೆ ಮಾಡುತ್ತಾರೆ? ನಮ್ಮದು ಕುಸುಬಿ, ಶೇಂಗಾ. ತಿಂಗಳಿಗೆ ಹಲವು ಡಬ್ಬ ಸಾಸಿವೆ ಎಣ್ಣೆ ಖಾಲಿಯಾಗುತ್ತಿದೆ ಎಂದರೆ ಎಲ್ಲೋ ಒಂದು ಬಿಹಾರಿಯೋ ಬಂಗಾಳಿಯೋ ಒಲೆ ದಿನಾ ಉರಿಯುತ್ತಿದೆ ಎಂದರ್ಥ. ಡಬ್ಬ ತರುವ ಹುಡುಗನನ್ನು ಚಹಾ ಕುಡಿಸಿ ಕೇಳಿದೆ. ಏನು ಕೇಳಿದೆ, ಹೇಗೆ ಕೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ನೇರವಾಗಿ ಕೇಳಿದರೆ ಮಹಾನಗರ ಪಾಲಿಕೆಯವರೋ ಆಹಾರ ಇಲಾಖೆಯವರೋ ಬಂದಿದ್ದಾರೆ ಎಂದು ಹೆದರುತ್ತಾರೆ ಎಂಬುದನ್ನು ಮಾತ್ರ ನೆನಪಿಡಿ.

ಆ ಜಾಡು ಒಂದು ತಗಡಿನ ಮಹಡಿಗೆ ಮುಟ್ಟಿಸಿತು. ಕಟ್ಟಡ ಕೆಲಸಕ್ಕೆ, ಟೈಲ್ಸ್ ಕೆಲಸಕ್ಕೆ ಬಂದ ಹುಡುಗರಿಗಾಗಿ ನಡೆಯುವ ಮೆಸ್. ಎರಡು ಬೆಂಚು, ಒಂದು ಇದ್ದಿಲ ಒಲೆ. ಗೋಧಿ ಹಿಟ್ಟಿನ ಉಂಡೆಯೊಳಗೆ ಹುರಿಗಡಲೆ ಹಿಟ್ಟು, ಓಮ, ಉಪ್ಪಿನಕಾಯಿಯ ಮಸಾಲೆ, ಹಸಿ ಸಾಸಿವೆ ಎಣ್ಣೆ ಕಲಸಿ ತುಂಬಿ ಕೆಂಡದ ಮೇಲೆ ಸುಡುವ ಲಿಟ್ಟಿ. ಸುಟ್ಟ ಬದನೆಕಾಯಿ, ಆಲೂ, ಟೊಮೆಟೊ ಕಿವುಚಿದ ಚೋಖಾ. ನಮ್ಮ ಸುಟ್ಟ ಬದನೆಕಾಯಿ ಚಟ್ನಿ ಉಂಡು ಬೆಳೆದವರಿಗೆ ಅದು ದೂರದ ಊಟ ಅನ್ನಿಸುವುದೇ ಇಲ್ಲ. ನಾಲ್ಕು ಲಿಟ್ಟಿಗೆ ಆಗ 50 ರೂಪಾಯಿ ಇತ್ತು, ಈಗ 60.

ಇದಾದ ಮೇಲೆ ನಾನು ಹೋಟೆಲುಗಳನ್ನು ನೋಡುವುದನ್ನೇ ನಿಲ್ಲಿಸಿದೆ. ಒಲೆಗೆ ಏನು ಹೋಗುತ್ತದೆ, ಒಲೆಯಿಂದ ಏನು ಹೊರಬೀಳುತ್ತದೆ ಎಂಬುದನ್ನಷ್ಟೇ ನೋಡಿದೆ. ಹಿಟ್ಟಿನ ಗಿರಣಿಯಲ್ಲಿ ಕುಳಿತರೆ ಅರ್ಧ ಊರು ತಿಳಿಯುತ್ತದೆ. ಮನೆಗೆಂದು ಜೋಳ ಬೀಸಿಸುವವರು ಐದು, ಹತ್ತು ಕೆ.ಜಿ. ತರುತ್ತಾರೆ. ವಾರಕ್ಕೆ ಎರಡು ಸಲ ಅರ್ಧ ಚೀಲ ಮಾಲದಂಡಿ ತಳಿಯ ಜೋಳ ಬೀಸಿಸುವ ಮುದುಕಿಯೊಬ್ಬರನ್ನು ಕಂಡು ಹಿಂದೆಯೇ ನಡೆದೆ. ಮುಖ್ಯ ರಸ್ತೆಯಿಂದ ಒಳಗೆ, ಬೇವಿನ ಮರದ ಹಿಂದೆ, ಆ ಅವ್ವ ನಡೆಸುವ ಅಪ್ಪಟ ಸಸ್ಯಾಹಾರಿ ಖಾನಾವಳಿ. ಆಸ್ಪತ್ರೆಗೆ ಬಂದ ಹಳ್ಳಿಯ ರೋಗಿಗಳ ಕಡೆಯವರೇ ಗಿರಾಕಿಗಳು. ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಟ್ಟಿನ ಸಾರು, ಗಟ್ಟಿ ಮೊಸರು. ಬೇಳೆ ನಮ್ಮ ಜಿಲ್ಲೆಯದೇ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಕಲಬುರಗಿ ತೊಗರಿ ಎಂದು ಅತಿಥಿಗಳಿಗೆ ಹೇಳುತ್ತೇನೆ. ಅವ್ವನಿಗೆ ಆ ಮಾನ್ಯತೆಯ ಗೊಡವೆ ಇಲ್ಲ, ಬೇಳೆ ಬೇಗ ಬೇಯುತ್ತದೆಯೇ ಎಂಬುದಷ್ಟೇ ಅವರಿಗೆ ಬೇಕು. ದರ್ಗಾ ರಸ್ತೆಯಲ್ಲಿ ಸಸ್ಯಾಹಾರಿಗೆ ಊಟವಿಲ್ಲ ಎಂದು ಹತ್ತಾರು ಜನ ನನಗೆ ಹೇಳಿದ್ದರು. ಶರಣಬಸವೇಶ್ವರ ಗುಡಿಗೆ ಬಂದವರನ್ನು ನಾನು ಈಗ ಅಲ್ಲಿಂದ ಸೀದಾ ಈ ಅವ್ವನ ಮನೆಗೆ ಕರೆತರುತ್ತೇನೆ.

ಪಾವ್ ಬೇಕರಿಯವರ ವಹಿಯಿಂದ ಸೋಲಾಪುರದ ಕಡೆಯವರ ಮಿಸಳ್ ಗಾಡಿ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಇಷ್ಟು ಲಾದಿ ಪಾವ್ ಯಾರು ಒಯ್ಯುತ್ತಾರೆ ಎಂದು ಕೇಳಿದರೆ ಸಾಕಿತ್ತು. ತೆಂಗಿನ ಚಿಪ್ಪಿನ ರಾಶಿಯಿಂದ ಒಬ್ಬ ಮಲಯಾಳಿ ಚಹಾದವರು ಸಿಕ್ಕರು. ಶೇಂಗಾ ನಾಡಿನಲ್ಲಿ ಅಷ್ಟು ಕಾಯಿ ಒಡೆಯುವವರು ಬೇರೆ ಯಾರಿರಲು ಸಾಧ್ಯ? ಭಾನುವಾರ ಮಾತ್ರ ಪುಟ್ಟು, ಕಡಲೆ ಗಸಿ ಮಾಡುತ್ತಾರೆ, ಆಸ್ಪತ್ರೆಯ ನರ್ಸ್‌ಗಳು ಬಂದು ಒಂಬತ್ತಕ್ಕೆಲ್ಲ ಖಾಲಿ ಮಾಡುತ್ತಾರೆ.

ನನಗೆ ಹೆಚ್ಚು ಹೆಮ್ಮೆ ಇರುವುದು ಪುಂಡಿಯ ಮನೆಯ ಬಗ್ಗೆ. ಸಂತೆಯಲ್ಲಿ ಪುಂಡಿ ಸೊಪ್ಪು ಮಾರುವ ಅಕ್ಕನ ಹತ್ತಿರ ಒಬ್ಬ ಹುಡುಗ ದಿನಾ ಇಪ್ಪತ್ತು ಕಟ್ಟು ಒಯ್ಯುತ್ತಿದ್ದ. ಪುಂಡಿ ಪಲ್ಯ ನಮ್ಮೆಲ್ಲರ ಮನೆಯದು, ಆದರೆ ಇಪ್ಪತ್ತು ಕಟ್ಟು ಮನೆಯ ಲೆಕ್ಕವಲ್ಲ. ಹುಡುಗನ ದೊಡ್ಡಮ್ಮ ಮನೆಯಲ್ಲೇ ಅಂಬಾಡಾ ಗೋಷ್ತ್, ಅಂದರೆ ಪುಂಡಿ ಸೊಪ್ಪಿನ ಮಾಂಸ, ಮಾಡಿ ಡಬ್ಬಿ ಕಟ್ಟಿ ಅಂಗಡಿಗಳಿಗೆ ಕಳಿಸುತ್ತಾರೆ. ಹಲವು ವಾರ ಬರೀ ಡಬ್ಬಿ ತರಿಸಿ ತಿಂದೆ, ದುಡ್ಡು ಕೊಟ್ಟೆ, ಬೇರೇನೂ ಕೇಳಲಿಲ್ಲ. ಅದಾದ ಮೇಲೆಯೇ ಆ ದೊಡ್ಡಮ್ಮ, ನಾನು ಖಾಲಾ ಎನ್ನುವವರು, ಅಂಗಳದವರೆಗೆ ಬಿಟ್ಟುಕೊಂಡರು. ಕೆಂಪು ದಂಟಿನಿಂದ ಎಲೆಯನ್ನು ಒಂದೊಂದಾಗಿ ಬಿಡಿಸಿ, ಹಸಿಮೆಣಸು ಹಾಕಿ ಬೇಯಿಸಿ, ಮರದ ಕಡೆಗೋಲಿನಿಂದ ಮಥಿಸುತ್ತಾರೆ. ಕುರಿ ಮಾಂಸ ಬೇರೆ ಪಾತ್ರೆಯಲ್ಲಿ ಈರುಳ್ಳಿ, ಶುಂಠಿ ಬೆಳ್ಳುಳ್ಳಿಯೊಂದಿಗೆ ನಿಧಾನವಾಗಿ ಬೇಯುತ್ತಿರುತ್ತದೆ. ಎರಡೂ ಸೇರಿದ ಮೇಲೆ ಎಣ್ಣೆ ಅಂಚಿಗೆ ಬರುವವರೆಗೆ ಬಿಡುತ್ತಾರೆ, ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ. ಹುಣಸೆ ಇಲ್ಲ, ಟೊಮೆಟೊ ಇಲ್ಲ, ಹುಳಿಯೆಲ್ಲ ಸೊಪ್ಪಿನದೇ. ಜೊತೆಗೆ ಅವರು ಕೊಡುವುದು ಅನ್ನ. ನಾನು ಅವ್ವನ ಖಾನಾವಳಿಯಿಂದ ಜೋಳದ ರೊಟ್ಟಿ ಒಯ್ದು ಅದರೊಂದಿಗೆ ತಿಂದು ನೋಡಿದೆ. ಈ ರಸ್ತೆಯಲ್ಲಿ ನಾನು ಉಂಡದ್ದರಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಈಗ ಮಾಂಸಾಹಾರಿ ಗುಂಪಿಗೆ ಹಾಗೆಯೇ ಬಡಿಸುತ್ತೇವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಧ್ಯಾಹ್ನ ಮೂರೂವರೆಗೆ ಬಿರಿಯಾನಿ ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ಕೆಲಸದವರು ಏನು ಉಣ್ಣುತ್ತಾರೆ ಎಂದು ನೋಡಿದೆ. ಬಿರಿಯಾನಿಯನ್ನು ಯಾರೂ ಮುಟ್ಟುವುದಿಲ್ಲ. ಖಟ್ಟಿ ದಾಲ್, ಅನ್ನ, ಹುರಿದ ಮೆಣಸಿನಕಾಯಿ. ಒಂದು ಕಡೆ ಮಾತ್ರ ಅಡುಗೆಯವರು ಅದನ್ನು ನಮಗೂ ಮಾಡಿಕೊಡಲು ಒಪ್ಪಿದರು, ಮಾಲೀಕರು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಬೆಳಗಿನ ನಡಿಗೆ ಇಟ್ಟೆ. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತದೆ, ಅತಿಥಿಗಳು ಮಜ್ಜಿಗೆ ಬಿಟ್ಟು ಏನನ್ನೂ ಮುಟ್ಟಲಿಲ್ಲ, ಕೈಬಿಟ್ಟೆ. ರಂಜಾನ್‌ನಲ್ಲಿ ಇಡೀ ಕ್ರಮ ತಲೆಕೆಳಗಾಗುತ್ತದೆ. ಇಫ್ತಾರ್ ಆದ ಮೇಲೆ ಹಲೀಮ್ ಸುತ್ತಲೇ ಜನ, ಒಳಗಿನ ಮನೆ ಅಡುಗೆಯವರಿಗೆ ಪುರುಸೊತ್ತಿಲ್ಲ. ಆ ತಿಂಗಳು ನಾನು ಅವರನ್ನು ಕೇಳುವುದೇ ಇಲ್ಲ. ಕುಸುಬಿ ಎಣ್ಣೆ ಡಬ್ಬಗಳ ಜಾಡನ್ನೂ ಹಿಡಿದು ನೋಡಿದೆ, ಅದು ಎಲ್ಲೂ ಮುಟ್ಟಲಿಲ್ಲ. ಕುಸುಬಿ ಬಳಸುವವರು ಗಾಣದಿಂದ ಸ್ವಂತ ಕ್ಯಾನಿನಲ್ಲಿ ತರುತ್ತಾರೆ, ಡಬ್ಬವೇ ಇರುವುದಿಲ್ಲ.

ದುಡ್ಡಿನ ವಿಷಯ. ಮೊದಲ ಒಂದು ವರ್ಷದಲ್ಲಿ ರುಚಿ ನೋಡಲು, ಚಹಾ ಕುಡಿಸಲು, ಓಡಾಡಲು 50 ಸಾವಿರದ ಹತ್ತಿರ ಹೋಗಿರಬೇಕು. ಬಂದದ್ದು ಹೆಚ್ಚುಕಡಿಮೆ ಏನೂ ಇಲ್ಲ. ಶುರುವಿನಲ್ಲಿ ತಲೆಗೆ 400 ಇಟ್ಟಿದ್ದೆ, ಅದರಲ್ಲಿ ಊಟದ ಖರ್ಚು ಕಳೆದರೆ ಉಳಿಯುತ್ತಿದ್ದದ್ದು ಪುಡಿಗಾಸು. ಈಗ 750. ಆರು ಜನರ ಗುಂಪಿಗೆ 4,500 ಬಂದರೆ ಅಡುಗೆಯವರಿಗೆ 1,800ರ ಆಸುಪಾಸು, ಮುಂದೆ ಹೋಗಿ ಒಲೆ ಹಚ್ಚಿಸುವ ಹುಡುಗನಿಗೆ 400. ಉಳಿದದ್ದು ನನಗೆ. ತಿಂಗಳಿಗೆ 18 ಸಾವಿರದ ಹತ್ತಿರ ಬೀಳುತ್ತದೆ, ಇದೊಂದೇ ರಸ್ತೆಯಿಂದ. ಆರಕ್ಕಿಂತ ಹೆಚ್ಚು ಜನರನ್ನು ಒಯ್ಯಬೇಡಿ. ಎಂಟು ಜನ ಆದರೆ ಖಾಲಾ ಅಂಗಳದಲ್ಲಿ ಕೂರಲು ಜಾಗವಿಲ್ಲ, ಓಣಿಯವರು ಬಾಗಿಲಿಗೆ ಬಂದು ನೋಡುತ್ತಾರೆ, ಮರುದಿನ ಅವರು ಬೇಡ ಎನ್ನುತ್ತಾರೆ.

ಅಡುಗೆಯವರಿಗೆ ಪೂರ್ತಿ ದುಡ್ಡು ಹಿಂದಿನ ದಿನವೇ ಕೊಡುತ್ತೇನೆ. ಹೊರ ಊರಿನ ಪ್ರವಾಸ ಸಂಸ್ಥೆಯೊಂದು ದೊಡ್ಡ ಗುಂಪು ಕಳಿಸುತ್ತೇವೆಂದು ಹೇಳಿ ಆ ದಿನ ಬೆಳಿಗ್ಗೆ ಕೈಕೊಟ್ಟಿತು. ಮೂರೂವರೆ ಸಾವಿರದಷ್ಟು ಊಟ ತಯಾರಾಗಿತ್ತು. ಅವ್ವ "ಇರಲಿ ಬಿಡಪ್ಪ, ಅರ್ಧ ವಾಪಸ್ ತೆಗೆದುಕೋ" ಎಂದರು. ತೆಗೆದುಕೊಳ್ಳಲಿಲ್ಲ. ಆ ಅಡುಗೆಯನ್ನು ಆಸ್ಪತ್ರೆಯ ಮುಂದೆ ರೋಗಿಗಳ ಕಡೆಯವರಿಗೆ ಬಡಿಸಿದೆವು. ನಷ್ಟ ನಿಜ, ಆದರೆ ಅಂದಿನಿಂದ ಆ ರಸ್ತೆಯ ಯಾವ ಒಲೆಯೂ ನನಗೆ ಇಲ್ಲ ಎಂದಿಲ್ಲ. ಅಡುಗೆ ಮನೆಯ ಫೋಟೊ, ಹೆಂಗಸರ ಫೋಟೊ ತೆಗೆಯಬಾರದು ಎಂಬುದು ಇನ್ನೊಂದು ಕಟ್ಟುನಿಟ್ಟು. ಜಗಳ ಮಾಡಿದ ಅತಿಥಿಗೆ ಹಣ ಹಿಂದಿರುಗಿಸಿ ಕಳಿಸಿದ್ದೇನೆ.

ನಡಿಗೆಯ ಕೊನೆಯಲ್ಲಿ ತಹರಿಯನ್ನೂ ಒಂದೊಂದು ತುತ್ತು ಕೊಡಿಸುತ್ತೇನೆ. ತಹರಿ ಬಿಟ್ಟರೆ ನಡಿಗೆ ಅಪೂರ್ಣ ಎಂದು ತಹರಿಯವರೇ ಹೇಳಿದ್ದರು, ಅದು ಸರಿ. ಸಂಜೆಗೆ ಅದು ಸಿಗುವುದು ಕಷ್ಟ, ಎಲ್ಲಿಂದ ತರಿಸುತ್ತೇನೆ ಎಂದು ಗೆಳೆಯರು ಕೇಳುತ್ತಲೇ ಇದ್ದಾರೆ. ಸದ್ಯಕ್ಕೆ ಹೇಳುವುದಿಲ್ಲ.

ಹಿಜರಿ ಪಂಚಾಂಗದ ಜುಲ್‌ಖಾದ ತಿಂಗಳಲ್ಲಿ ಖ್ವಾಜಾರ ಉರುಸು ಬಂದಾಗ ನಡಿಗೆ ನಿಲ್ಲಿಸುತ್ತೇನೆ. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಒಲೆಗಳೆಲ್ಲ ಯಾತ್ರಿಕರಿಗೇ ಬೇಕು. ಆ ದಿನಗಳಲ್ಲಿ ಧಾನ್ಯದ ಮಾರುಕಟ್ಟೆಯಾದ ಗಂಜ್ ಕಡೆ ಹೋಗಿ ಗುಜರಿ ಅಂಗಡಿಗಳಲ್ಲಿ ತುಪ್ಪದ ಡಬ್ಬಗಳನ್ನು ನೋಡುವ ಯೋಚನೆ ಇದೆ. ಅಡತಿ ಅಂಗಡಿಗಳ ಹಿಂದೆ ಮಾರವಾಡಿ ಮನೆಗಳ ದಾಲ್ ಬಾಟಿ ಸಿಗಲೇಬೇಕು ಎಂದು ನನ್ನ ಅಂದಾಜು. ಬೀದರ್‌ನ ಗೆಳೆಯರು ಅಲ್ಲೇನೂ ಸಿಗುವುದಿಲ್ಲ ಎಂದು ಆಗಲೇ ಹೇಳಿಯಾಗಿದೆ.