ಬಾನೆಟ್ ಹಟ ಹಿಡಿದರೆ ಎಳೆಯಬೇಡಿ, ಒತ್ತಿ

ನನ್ನ ಸೋದರಮಾವನ ಹತ್ತಿರ ಒಂದು ಎಂಜಿಬಿ ಇದೆ. ಎರಡು ಸೀಟು, ಮಡಚುವ ಟಾಪು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವಂಥ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಚಿತ್ರದುರ್ಗ ಹತ್ತಿರದ ಭೀಮಸಮುದ್ರದಲ್ಲಿ ಅವರ ಅಡಿಕೆ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ವರ್ಷದ ಹತ್ತು ತಿಂಗಳು ತಾಡಪಾಲಿನ ಕೆಳಗೆ ಮಲಗಿರುತ್ತದೆ. ಆಯುಧಪೂಜೆಗೆ ಮಾತ್ರ ಎದ್ದು ಬರಲೇಬೇಕು. ಕಳೆದ ಸಲ ಹಬ್ಬದ ಹಿಂದಿನ ದಿನ ಎಂಜಿನ್ ಆಯಿಲ್ ನೋಡೋಣವೆಂದು ಡ್ಯಾಶ್‌ಬೋರ್ಡಿನ ಕೆಳಗಿನ ಗುಂಡಿ ಎಳೆದೆ. ಬಾನೆಟ್ ಮಿಸುಕಲಿಲ್ಲ. ಮತ್ತೊಮ್ಮೆ ಎಳೆದೆ. ಮೂರನೇ ಸಲ ಕಾಲು ಒತ್ತುಕೊಟ್ಟು ಜಗ್ಗಿದೆ. ಟಣ್ ಅಂತ ಶಬ್ದವಾಯಿತು, ಗುಂಡಿ ಕೈಗೆ ಬಂತು, ಅದರ ಬೆನ್ನಿಗೆ ಒಂದು ಗೇಣು ತಂತಿಯೂ ಬಂತು. ಮಾವ ಏನೂ ಅನ್ನಲಿಲ್ಲ. ಅಡಿಕೆ ಅಗಿಯುವುದನ್ನು ಮಾತ್ರ ನಿಲ್ಲಿಸಿದರು.

ಸಂಜೆ ದಾವಣಗೆರೆಯಿಂದ ಮೇಸ್ತ್ರಿ ಬಂದರು. ಪಿ.ಬಿ. ರಸ್ತೆಯಲ್ಲಿ ಆಯುಷ್ಯವಿಡೀ ಅಂಬಾಸಿಡರ್ ಬಿಚ್ಚಿ ಕೂಡಿಸಿದವರು. ಕೈಯಲ್ಲಿದ್ದ ತಂತಿ ನೋಡಿ ನಕ್ಕರು. ‘ಎಳೆಯೋಕಿಂತ ಮೊದ್ಲು ಒತ್ಬೇಕಿತ್ರೀ ಸರ’ ಎಂದರು. ಈ ಲೇಖನದ ಮುಕ್ಕಾಲು ಪಾಲು ಆ ಒಂದು ಮಾತಿನ ವಿವರಣೆ.

ಅಂಬಾಸಿಡರ್ ಮೇಸ್ತ್ರಿಯನ್ನು ಸ್ಪೋರ್ಟ್ಸ್ ಕಾರಿಗೆ ಯಾಕೆ ಕರೆದಿರಿ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ‘ಬಿ ಸೀರೀಸ್’. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಯಿತು, ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅಂಬಾಸಿಡರಿಗೆ ಬಳಸುವ ಇಂಚಿನ ಪಾನಾಗಳೇ ಇದಕ್ಕೂ ಬೇಕು. ಈಗಿನ ಗ್ಯಾರೇಜುಗಳಲ್ಲಿ ಬರೀ ಮಿಲಿಮೀಟರ್ ಪಾನಾ ಇರುತ್ತವೆ. ಅವುಗಳಲ್ಲಿ ತಿರುಗಿಸಲು ಹೋದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ.

ಒಳಗೇನಿದೆ?

ಕೈ ಹಾಕುವ ಮೊದಲು ಚಿಲಕದ ಕೆಲಸ ಗೊತ್ತಿರಬೇಕು. ಬಾನೆಟ್ಟಿನ ಒಳಮೈಯಲ್ಲಿ, ಮುಂದಿನ ಅಂಚಿನ ನಡುವೆ, ಕೆಳಮುಖವಾಗಿ ಒಂದು ಗೂಟದಂಥ ಪಿನ್ನು ಇದೆ. ಅದರ ತುದಿ ಚೂಪು, ಮೈಸುತ್ತ ದಪ್ಪನೆಯ ಸ್ಪ್ರಿಂಗ್. ಬಾನೆಟ್ ಮುಚ್ಚಿದಾಗ ಈ ಪಿನ್ನು ರೇಡಿಯೇಟರ್ ಹತ್ತಿರದ ಅಡ್ಡಪಟ್ಟಿಯಲ್ಲಿರುವ ಬಟ್ಟಲಿನಂಥ ತೂತಿನೊಳಗೆ ಇಳಿಯುತ್ತದೆ. ಬಟ್ಟಲಿನ ಕೆಳಗೆ ಅಡ್ಡಡ್ಡ ಜಾರುವ ಒಂದು ತಗಡಿನ ನಾಲಿಗೆ ಇದ್ದು, ಪಿನ್ನಿನ ಕುತ್ತಿಗೆಯನ್ನು ಹಿಡಿದುಕೊಳ್ಳುತ್ತದೆ. ಒಳಗಿನ ಗುಂಡಿ ಎಳೆದರೆ ಕೇಬಲ್ ಆ ನಾಲಿಗೆಯನ್ನು ಸರಿಸುತ್ತದೆ, ಸ್ಪ್ರಿಂಗ್ ಬಾನೆಟ್ಟನ್ನು ಮೇಲಕ್ಕೆ ಎತ್ತುತ್ತದೆ. ಪೂರ್ತಿ ಹಾರಿಹೋಗದಂತೆ ಪಕ್ಕದಲ್ಲಿ ಒಂದು ಕೊಕ್ಕೆ ಕಾವಲಿರುತ್ತದೆ. ಬೆರಳು ತೂರಿಸಿ ಅದನ್ನು ಬಿಡಿಸಿದರೇ ಬಾನೆಟ್ ತೆರೆಯುವುದು.

ತೊಂದರೆ ಹುಟ್ಟುವುದೂ ಇಲ್ಲೇ. ಆ ದಪ್ಪ ಸ್ಪ್ರಿಂಗು, ಅಂಚಿನ ರಬ್ಬರು ಎಲ್ಲ ಸೇರಿ ಬಾನೆಟ್ಟನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಹಾಗಾಗಿ ಪಿನ್ನಿನ ತಲೆ ನಾಲಿಗೆಯನ್ನು ಕಚ್ಚಿಕೊಂಡೇ ಇರುತ್ತದೆ. ಎಣ್ಣೆ ಇದ್ದರೆ ಜಾರುತ್ತದೆ. ನಮ್ಮ ಕಡೆಯ ಕೆಂಧೂಳು ಹಳೆಯ ಗ್ರೀಸಿನ ಜೊತೆ ಕಲೆತು ಗಟ್ಟಿಯಾಗಿದ್ದರೆ, ಬಾಗಿಲ ಹಿಂದೆ ಮೂಟೆ ಇಟ್ಟು ಚಿಲಕ ತೆಗೆಯಲು ಹೋದಂತೆ. ಎಷ್ಟು ಜಗ್ಗಿದರೂ ಏಟು ಬೀಳುವುದು ಪಾಪ ಕೇಬಲ್ಲಿಗೆ.

ಮೊದಲ ಹೆಜ್ಜೆ: ಇಬ್ಬರು ಬೇಕು

ಒಬ್ಬರು ಬಾನೆಟ್ಟಿನ ಮುಂದೆ ನಿಂತು, ಪಿನ್ನು ಇರುವ ಜಾಗದ ಮೇಲೆ ಎರಡೂ ಅಂಗೈ ಅಗಲವಾಗಿ ಇಟ್ಟು ಕೆಳಕ್ಕೆ ಒತ್ತಬೇಕು. ಮುಷ್ಟಿ, ಮೊಣಕೈ ಬೇಡ. ಎಂಜಿಬಿಯ ಮೊದಲ ವರ್ಷಗಳ ಬಾನೆಟ್ ಅಲ್ಯೂಮಿನಿಯಂನದು, ಹೆಬ್ಬೆರಳು ಊರಿದರೂ ಗುಳಿ ಬೀಳುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಆಯಸ್ಕಾಂತ ಇಟ್ಟು ನೋಡಿ. ಮೇಲಿನವರು ಒತ್ತಿ ಹಿಡಿದಿರುವಾಗ ಒಳಗೆ ಕೂತವರು ಗುಂಡಿಯನ್ನು ನೇರವಾಗಿ, ನಿಧಾನವಾಗಿ ಎಳೆಯಬೇಕು. ಒಳಗಿನವರು ‘ಹೂಂ’ ಅಂದಾಗ ಮೇಲಿನವರು ಕೈ ಸಡಿಲಿಸಬೇಕು, ಒಳಗಿನವರು ಎಳೆದದ್ದನ್ನು ಬಿಡಬಾರದು. ಆಗದಿದ್ದರೆ ಒತ್ತುವ ಜಾಗವನ್ನು ನಾಲ್ಕು ಬೆರಳು ಎಡಕ್ಕೆ, ಬಲಕ್ಕೆ ಬದಲಾಯಿಸುತ್ತ ಹತ್ತು ಸಲ ಮಾಡಿ. ಹತ್ತರಲ್ಲಿ ಎಂಟು ಹಟಮಾರಿ ಬಾನೆಟ್ಟುಗಳು ಇಷ್ಟಕ್ಕೇ ಬಾಯಿ ಬಿಡುತ್ತವೆ ಎನ್ನುವುದು ಮೇಸ್ತ್ರಿಯ ಲೆಕ್ಕ. ಈ ಉಪಾಯಕ್ಕೆ ಸ್ಪೋರ್ಟ್ಸ್ ಕಾರೇ ಆಗಬೇಕೆಂದಿಲ್ಲ. ಪಿನ್ನು, ನಾಲಿಗೆ, ಕೇಬಲ್ ಇರುವ ಯಾವ ಕಾರಿಗೂ ಇದೇ ಮಂತ್ರ.

ಗುಂಡಿ ಎಳೆದರೆ ಬರುತ್ತದೆ, ಬಾನೆಟ್ಟಿಗೆ ಮಾತ್ರ ಸುದ್ದಿಯೇ ಇಲ್ಲ ಎನ್ನುವುದು ಬೇರೆ ರೋಗ. ಬೈಕಿನ ಕ್ಲಚ್ ವೈರನ್ನು ನೆನಪಿಸಿಕೊಳ್ಳಿ. ಹೊರಗಿನ ಕವಚ ಕದಲದೆ ನಿಂತರೆ ಮಾತ್ರ ಒಳತಂತಿ ಎಳೆದದ್ದಕ್ಕೆ ಅರ್ಥ. ಕವಚವನ್ನು ಹಿಡಿದಿರುವ ಕ್ಲಿಪ್ಪು ಕಳಚಿದ್ದರೆ ಕವಚ, ತಂತಿ ಎರಡೂ ಒಟ್ಟಿಗೆ ಓಡಿಬರುತ್ತವೆ, ನಾಲಿಗೆ ಇದ್ದಲ್ಲೇ ಇರುತ್ತದೆ. 1896ರಲ್ಲಿ ಇಂಗ್ಲೆಂಡಿನಲ್ಲಿ ಬೌಡನ್ ಎಂಬುವರು ಪೇಟೆಂಟ್ ಪಡೆದ ಈ ಕವಚದ ತಂತಿ ಇವತ್ತಿಗೂ ಅದೇ ನಿಯಮದಲ್ಲಿ ನಡೆಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಎಳೆಯುವಾಗ ಕವಚ ಕುಣಿಯುತ್ತಿದ್ದರೆ ಒಂದು ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು ಇನ್ನೊಂದರಲ್ಲಿ ಎಳೆಯಿರಿ. ಗುಂಡಿ ಮಾತ್ರ ಕಿತ್ತುಬಂದು ತಂತಿಯ ತುದಿ ಕಾಣುತ್ತಿದ್ದರೆ ವೈಸ್‌ಗ್ರಿಪ್ಪಿನಿಂದ (ಕಚ್ಚಿದ ಮೇಲೆ ತಾನೇ ಬಿಗಿದು ನಿಲ್ಲುವ ಇಕ್ಕಳ) ಕಚ್ಚಿ ಹಿಡಿಯಿರಿ. ಸಾದಾ ಕಟಿಂಗ್ ಪ್ಲೇಯರ್ ಜಾರಿ ತಂತಿಯ ಎಳೆ ಬಿಚ್ಚಿಬಿಡುತ್ತದೆ.

ತಂತಿ ಒಳಗೇ ಕಡಿದಿದ್ದರೆ

ನನ್ನ ಪಾಡು ಇದು. ಈಗ ಕೆಳಗಿನಿಂದ ಹೋಗಬೇಕು.

ಮೊದಲು ಬ್ಯಾಟರಿ ಬಿಚ್ಚಿ. ಬಾನೆಟ್ಟೇ ತೆರೆಯದಿದ್ದರೆ ಬ್ಯಾಟರಿ ಹೇಗೆ ಬಿಚ್ಚುವುದು ಅನ್ನಬೇಡಿ, ಎಂಜಿಬಿಯಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದೆ. ಹಳೆಯ ಮಾಡೆಲ್ಲುಗಳಲ್ಲಿ 6 ವೋಲ್ಟಿನವು ಎರಡು, ಆಮೇಲಿನವುಗಳಲ್ಲಿ 12 ವೋಲ್ಟಿನದು ಒಂದು. ಕಾಣದ ಜಾಗದಲ್ಲಿ ಕಬ್ಬಿಣದ ಸರಳು ಆಡಿಸಲು ಹೊರಟಿದ್ದೀರಿ, ಕರೆಂಟ್ ಇರಬಾರದು. ಎಂಜಿನ್ ತಣ್ಣಗಿರಲಿ.

ಕಾರನ್ನು ಜಾಕ್ ಹಾಕಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕನ್ನು ನಂಬಿ ತಲೆ ತೂರಿಸಬೇಡಿ. ಸಿಮೆಂಟ್ ಇಟ್ಟಿಗೆಯನ್ನು ಅದಕ್ಕಿಂತ ಹೆಚ್ಚು ನಂಬಬೇಡಿ, ಅದು ಸದ್ದಿಲ್ಲದೆ ಒಡೆಯುತ್ತದೆ. ಟಾರ್ಚನ್ನು ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ ಮೇಲ್ಮುಖವಾಗಿ ಬಿಡಿ. ಅಡ್ಡಪಟ್ಟಿ, ಅದರ ಬಟ್ಟಲು, ಪಕ್ಕದಲ್ಲಿ ಪುಟ್ಟ ಸ್ಪ್ರಿಂಗಿನ ಜೊತೆಗಿರುವ ನಾಲಿಗೆ ಕಾಣುತ್ತವೆ. ಕೇಬಲ್ ಯಾವ ದಿಕ್ಕಿಗೆ ಎಳೆಯುತ್ತಿತ್ತು ಎಂದು ನೋಡಿಕೊಳ್ಳಿ. ಉದ್ದನೆಯ ಸ್ಕ್ರೂಡ್ರೈವರ್ ಅಥವಾ ತುದಿ ಬಗ್ಗಿಸಿದ ಸರಳಿನಿಂದ ನಾಲಿಗೆಯನ್ನು ಅದೇ ದಿಕ್ಕಿಗೆ ದೂಡಬೇಕು. ಇಲ್ಲೂ ಮೇಲೆ ಒಬ್ಬರು ಒತ್ತಿ ಹಿಡಿದಿರಲೇಬೇಕು. ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಸರಳು ತಾಗದಂತೆ ಮಧ್ಯೆ ಒಂದು ದಪ್ಪ ರಟ್ಟು ಇಳಿಬಿಡಿ. ನಾವು ಅಡಿಕೆ ಗೋಣಿಚೀಲವನ್ನೇ ನಾಲ್ಕು ಮಡಿಕೆ ಮಾಡಿ ಇಳಿಸಿದ್ದೆವು. ಮೇಸ್ತ್ರಿ ಮಲಗಿದ್ದಲ್ಲಿಂದಲೇ ‘ಒತ್ರಿ... ಇನ್ನೂ ಒತ್ರಿ... ಬಿಡ್ರಿ’ ಅಂದರು. ಕಟಕ್. ಮಾವ ಮತ್ತೆ ಅಡಿಕೆ ಅಗಿಯತೊಡಗಿದರು.

ತೆರೆದ ಮೇಲೆ ಮುಚ್ಚುವ ಅವಸರ ಬೇಡ

ತೆರೆದ ಖುಷಿಯಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು ಮುಚ್ಚಿದರೆ ಮುಂದಿನ ವಾರ ಮತ್ತೆ ಇದೇ ಕತೆ. ನಾಲಿಗೆ, ಬಟ್ಟಲು, ಪಿನ್ನು ಮೂರನ್ನೂ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆಯಿಂದ ತೊಳೆಯಿರಿ, ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ನಮ್ಮದರಲ್ಲಿ ಹೊರಬಂದದ್ದು ಗ್ರೀಸ್ ಅಲ್ಲ, ಇಟ್ಟಿಗೆ ಬಣ್ಣದ ಮೇಣ. ಒಣಬಟ್ಟೆಯಲ್ಲಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಗ್ರೀಸನ್ನು ಪಿನ್ನಿನ ತುದಿಗೆ ಮಾತ್ರ, ಬೆರಳಿಗೆ ಅಂಟಿದಷ್ಟೇ ಸವರಿ. ಪುಸ್ತಕಗಳಲ್ಲಿ ಧಾರಾಳವಾಗಿ ಗ್ರೀಸ್ ಹಚ್ಚಿ ಎಂದಿರುತ್ತದೆ. ಅದು ಮಳೆಯ ದೇಶದವರ ಮಾತು. ದುರ್ಗದ ಗಾಳಿಗೆ ತೆರೆದಿಟ್ಟ ಗ್ರೀಸ್ ಧೂಳಿಗೆ ಹಾಸಿಗೆ ಹಾಸಿದಂತೆ.

ಹಳೆಯ ಕೇಬಲ್ ಕಡಿದಿರದೆ ಬಿಗಿಯಾಗಿದ್ದರೆ ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿ. ಒಂದು ಪ್ಲಾಸ್ಟಿಕ್ ಕವರಿನ ಮೂಲೆಗೆ ಚಿಕ್ಕ ತೂತು ಮಾಡಿ, ಕವಚದ ಮೇಲ್ತುದಿಯನ್ನು ಅದರೊಳಗೆ ತೂರಿಸಿ, ರಬ್ಬರ್‌ಬ್ಯಾಂಡಿನಿಂದ ಬಿಗಿದು, ಎರಡು ಚಮಚ ತೆಳು ಎಣ್ಣೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗಿಟ್ಟ ಬಟ್ಟಲಿನಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕಿರುತ್ತದೆ. ಕಡಿದಿದ್ದರೆ ತುಂಡನ್ನು ಅಳತೆಗೆ ಹಿಡಿದುಕೊಂಡು ವೈರ್ ಮಾಡುವ ಅಂಗಡಿಗೆ ಹೋಗಿ. ಬೈಕಿನದು ಉದ್ದ ಸಾಲದು, ಆಟೋದ ಉದ್ದನೆಯ ವೈರು ಕೇಳಿ. ಜೋಡಿಸುವಾಗ ಎಲ್ಲೂ ಚೂಪಾದ ತಿರುವು ಬರದಿರಲಿ, ತಂತಿ ಸವೆಯುವುದು ತಿರುವಿನಲ್ಲೇ.

ಇನ್ನು ಪಿನ್ನಿನ ಜೋಡಣೆ. ಅದು ಬಟ್ಟಲಿನ ನಡುಮಧ್ಯಕ್ಕೆ ಇಳಿಯುತ್ತಿದೆಯೇ? ಮುಚ್ಚಿದ ಮೇಲೆ ಕಣ್ಣಿಗೆ ಕಾಣದಲ್ಲ. ಇದಕ್ಕೆ ಮೇಸ್ತ್ರಿ ದೇವರಮನೆಯಿಂದ ವಿಭೂತಿ ಗಟ್ಟಿ ತರಿಸಿದರು. ಎಣ್ಣೆ ಒರೆಸಿದ ಪಿನ್ನಿನ ತುದಿಗೆ ವಿಭೂತಿ ತೇಯ್ದು ಬಳಿದು, ಬಾನೆಟ್ಟನ್ನು ಕೈಯಲ್ಲೇ ಇಳಿಸಿ, ಚಿಲಕ ಬೀಳುವ ಮೊದಲೇ ಎತ್ತಿದರು. ಬಟ್ಟಲಿನ ಎಡ ಅಂಚಿನಲ್ಲಿ ಬೆಳ್ಳಗೆ ಉಗುರಿನಷ್ಟು ಗುರುತು. ಪಿನ್ನು ಪ್ರತಿ ಸಲವೂ ಅಂಚಿಗೆ ಉಜ್ಜಿಕೊಂಡು ಇಳಿಯುತ್ತಿತ್ತು. ಅತ್ತೆಯವರಿಗೆ ಇದು ಸರಿಕಾಣಲಿಲ್ಲ, ಸೀಮೆಸುಣ್ಣದಿಂದಲೂ ಈ ಕೆಲಸ ಆಗುತ್ತದೆ. ಗುರುತು ಒಂದು ಪಕ್ಕ ಬಿದ್ದರೆ ಬಾನೆಟ್ಟಿನ ಹಿಂದಿನ ಹಿಂಜುಗಳ ಬೋಲ್ಟು ಸ್ವಲ್ಪವೇ ಸಡಿಲಿಸಿ, ಬಾನೆಟ್ಟನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಬಿಗಿಯಿರಿ. ಸಡಿಲಿಸುವ ಮೊದಲು ಹಿಂಜಿನ ಸುತ್ತ ಪೆನ್ಸಿಲ್ ಗೆರೆ ಎಳೆದಿಡಿ, ಇಲ್ಲದಿದ್ದರೆ ಮೊದಲಿನ ಜಾಗಕ್ಕೂ ಮರಳಲಾಗದು. ಮೂರು ಸಲ ಸರಿಸಿದ ಮೇಲೆ ನಮ್ಮ ಬಿಳಿ ಗುರುತು ನಡುವೆ ಬಂತು.

ಆಮೇಲೆ ಪಿನ್ನಿನ ಉದ್ದ. ಬುಡದಲ್ಲಿ ಒಂದು ಲಾಕ್‌ನಟ್ ಇದೆ. ಅದನ್ನು ಸಡಿಲಿಸಿ ಪಿನ್ನಿನ ತುದಿಯ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು. ಪಿನ್ನು ಗಿಡ್ಡವಾದರೆ ಬಾನೆಟ್ಟನ್ನು ಅದುಮಿ ಮುಚ್ಚಬೇಕು, ತೆಗೆಯುವಾಗ ಮತ್ತದೇ ಹಟ. ಉದ್ದವಾದರೆ ರಸ್ತೆ ಉಬ್ಬು ಬಂದಲ್ಲೆಲ್ಲ ಬಾನೆಟ್ ಗಡಗಡ. ಬಾನೆಟ್ಟಿನ ಅಂಚು ಕೂರುವ ರಬ್ಬರ್ ಗುಬ್ಬಿಯ ಮೇಲೆ ದಿನಪತ್ರಿಕೆಯ ಚೂರು ಇಟ್ಟು ಮುಚ್ಚಿ, ಆ ಚೂರನ್ನು ಎಳೆಯಿರಿ. ಹರಿಯದೆ, ಹಿಡಿತದೊಂದಿಗೆ ಜಾರಿಬಂದರೆ ಸರಿ. ಆದರೆ ಆ ರಬ್ಬರುಗಳು ಒಣಗಿ ಕಲ್ಲಾಗಿದ್ದರೆ ಈ ಲೆಕ್ಕವೆಲ್ಲ ಸುಳ್ಳು, ಮೊದಲು ಅವನ್ನು ಬದಲಿಸಿ. ಕೊನೆಗೆ ಲಾಕ್‌ನಟ್ ಬಿಗಿಯಲು ಮರೆಯಬೇಡಿ. ನಾವು ಮರೆತಿದ್ದೆವು, ಸಿರಿಗೆರೆ ದಾಟುವಷ್ಟರಲ್ಲಿ ಗಡಗಡ ಶುರುವಾಗಿತ್ತು.

ಕಾವಲು ಕೊಕ್ಕೆಯನ್ನು ಮಾತ್ರ ಯಾವ ಕಾರಣಕ್ಕೂ ಬಗ್ಗಿಸಬೇಡಿ, ಕಿತ್ತೆಸೆಯಬೇಡಿ. ಬೆರಳಿಗೆ ತೊಡಕು ಎಂದು ತೆಗೆಸಿದವರನ್ನು ನೋಡಿದ್ದೇನೆ. ಈ ಬಾನೆಟ್ಟಿನ ಹಿಂಜು ಗಾಜಿನ ಕಡೆಗಿದೆ. ಹೈವೇಯಲ್ಲಿ ಚಿಲಕ ಬಿಟ್ಟರೆ ಗಾಳಿ ಅದನ್ನು ಎತ್ತಿ ನೇರ ಗಾಜಿಗೆ ಬಡಿಯುತ್ತದೆ, ಮುಂದಿನ ರಸ್ತೆ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಒಳಗಿನ ಗುಂಡಿ ಎಳೆದು, ಕೊಕ್ಕೆ ಒಂದೇ ಹಿಡಿದಿರುವಾಗ ಬಾನೆಟ್ಟನ್ನು ಮೇಲಕ್ಕೆ ಜಗ್ಗಿ ನೋಡಿ. ತೆರೆಯಬಾರದು.

ಬಡವರ ವಿಮೆ

ಮುಚ್ಚುವ ಮೊದಲು ಹತ್ತು ನಿಮಿಷದ ಇನ್ನೊಂದು ಕೆಲಸ. ಸೈಕಲ್ ಬ್ರೇಕಿನ ಒಳತಂತಿ, ಒಂದು ತುಂಡು ಕವಚ ತನ್ನಿ. ತಂತಿಯ ಒಂದು ತುದಿಯನ್ನು ನಾಲಿಗೆಗೆ, ಮೂಲ ಕೇಬಲ್ ಎಳೆಯುವ ದಿಕ್ಕಿಗೇ ಎಳೆಯುವಂತೆ ಕಟ್ಟಿ. ಕವಚವನ್ನು ಅಡ್ಡಪಟ್ಟಿಗೆ ಕ್ಲಿಪ್ ಹಾಕಿ ಕದಲದಂತೆ ಕೂರಿಸಿ, ಇನ್ನೊಂದು ತುದಿಯನ್ನು ಬಂಪರಿನ ಹಿಂದೆ ಕೆಳಕ್ಕೆ ಇಳಿಬಿಡಿ. ಫ್ಯಾನಿಗೆ ತಾಗಬಾರದು, ಕುಲುಕಿದಾಗ ತಾನೇ ಎಳೆಯದಂತೆ ಎರಡು ಬೆರಳು ಸಡಿಲ ಇರಬೇಕು. ಒಳಗಿನ ಕೇಬಲ್ ಕಡಿದ ದಿನ ನೆಲಕ್ಕೆ ಬಗ್ಗಿ ಇದನ್ನು ಎಳೆದರಾಯಿತು.

ಆ ತುದಿಗೆ ಹಿಡಿಯಲು ಏನಾದರೂ ಬೇಕಲ್ಲ ಎಂದು ನಾನು ನಟ್ಟು ಹುಡುಕುತ್ತಿದ್ದೆ. ಮಾವ ಗೋದಾಮಿಗೆ ಹೋಗಿ, ಒಣಗಿದ ಗೋಟಡಿಕೆಯೊಂದಕ್ಕೆ ಡ್ರಿಲ್ಲಿನಿಂದ ತೂತು ಕೊರೆದು ತಂದು ತಂತಿಗೆ ಪೋಣಿಸಿ ಗಂಟು ಹಾಕಿದರು. ಬಂಪರಿನ ಹಿಂದೆ ಇನ್ನೂ ನೇತಾಡುತ್ತಿದೆ.