‘ಅಲ್ಲಾಡಬೇಡ’ ಅಂದಿದ್ದೇ ತಪ್ಪಾಯ್ತು

ಒಂಬತ್ತು ವರ್ಷದ ಹುಡುಗ ಎಂಆರ್‌ಐ ಮೆಷಿನ್ ಒಳಗೆ ಮಲಗಿದ್ದ. ನಾನು ಗಾಜಿನ ಈಚೆ, ಮೈಕ್ ಮುಂದೆ. ಸ್ಕ್ಯಾನ್ ನಡೆಯುತ್ತಿದ್ದಾಗಲೇ “ಪುಟ್ಟಾ, ಚೆನ್ನಾಗಿ ಮಲಗಿದೀಯ, ಅಲ್ಲಾಡಬೇಡ” ಎಂದೆ. ಒಳಗಿನಿಂದ ನನ್ನದೇ ಧಾಟಿಯಲ್ಲಿ ಉತ್ತರ ಬಂತು: “ಅಲ್ಲಾಡಬೇಡ.” ಸ್ವಲ್ಪ ಬಿಟ್ಟು ಇನ್ನೊಂದು ಸಲ, “ಅಲ್ಲಾಡಬೇಡ.”

ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುತ್ತಾರೆ. ನನಗೆ ಗೊತ್ತಿದ್ದ ವಿಷಯವೇ. ಆದರೆ ಆ ಹೊತ್ತಿಗೆ ಹೊಳೆಯಲಿಲ್ಲ. ಸಂಜೆ ತಲೆಯ ಚಲನೆಯ ಗ್ರಾಫ್ ತೆಗೆದರೆ ಮೂರು ಕಡೆ ಮೊಳೆ ಹೊಡೆದಂತೆ ಚೂಪಾದ ಗೆರೆ. ಮೂರೂ ನಾನು ಮೈಕಿನಲ್ಲಿ ಮಾತಾಡಿದ ಸಮಯ. ಬಾಯಿ ಆಡಿದರೆ ದವಡೆ ಆಡುತ್ತದೆ, ಅದರ ಜೊತೆ ತಲೆಯೂ. ಹುಡುಗ ಸುಮ್ನೆ ಮಲಗಿದ್ದ, ಅಲ್ಲಾಡಿಸಿದ್ದು ನಾನು!

ಆಟಿಸಂ ಇರುವ ಮಕ್ಕಳ ಮೆದುಳಿನ ಬಗ್ಗೆ ನಮ್ಮದೊಂದು ಸಂಶೋಧನೆ, ಅದರಲ್ಲಿ ನನ್ನದು ಎರಡು ಕೆಲಸ. ಬೆಳಿಗ್ಗೆ ಮಕ್ಕಳನ್ನು ಸ್ಕ್ಯಾನಿಗೆ ತಯಾರು ಮಾಡುವುದು, ಸಂಜೆ ಆ ಚಿತ್ರಗಳ ಲೆಕ್ಕ ನೋಡುವುದು. ನಾವು ನೋಡುವುದು ಮೆದುಳಿನ ಯಾವ ಭಾಗದ ಚಟುವಟಿಕೆ ಯಾವುದರ ಜೊತೆ ಒಟ್ಟಿಗೆ ಏರಿಳಿಯುತ್ತದೆ, ಅಂದರೆ ಯಾವುದಕ್ಕೆ ಯಾವುದರ ನಂಟು ಎಂದು. ಅದಕ್ಕೆ ಮಗು ಎಚ್ಚರವಾಗಿಯೇ ಇರಬೇಕು. ನಿದ್ದೆ ಔಷಧ ಕೊಡುವ ಮಾತಿಲ್ಲ.

ತಯಾರಿಗೆ ನಾನು ಬಳಸುವುದು ಮಕ್ಕಳು ನುಸುಳಿ ಆಡುವ ಬಟ್ಟೆಯ ಟನೆಲ್, ಒಂದು ಯೋಗ ಮ್ಯಾಟ್, ಒಂದು ಹಳೇ ಹೆಲ್ಮೆಟ್. ಮೆಷಿನ್ನಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಗೇ ಕಳಿಸುತ್ತೇನೆ. ಮೊದಲ ದಿನ ತೀರಾ ಸಣ್ಣಗೆ, ದಿನಕ್ಕೆ ಒಂದೊಂದು ಗೀಟು ಜಾಸ್ತಿ. ಈ ಹುಡುಗ ಪ್ರತಿ ಸದ್ದಿಗೂ ಹೆಸರಿಟ್ಟಿದ್ದ. ಒಂದು ಮಿಕ್ಸಿ, ಒಂದು ಬೋರ್‌ವೆಲ್ ಲಾರಿ. ಮಂಚವೇ ನಡುಗುವ ಆ ಬೋರ್‌ವೆಲ್ ಅವನಿಗೆ ಬಹಳ ಇಷ್ಟ. ಮೆತ್ತಗಿನ ಟಿಕ್ ಟಿಕ್ ಸದ್ದಿಗೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದ. ಜೋರು ಸದ್ದಿಗೇ ಹೆದರುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ, ಅಲ್ವಾ?

ಅಲ್ಲಾಡದೆ ಇರುವುದಕ್ಕೆ ಬೀದಿಯ ‘ಸ್ಟ್ಯಾಚ್ಯೂ’ ಆಟವೇ ಸಾಕು. ತೊಡಕು ಬಂದದ್ದು ತಾಯಿತದ ಹತ್ತಿರ. ಮೈಮೇಲೆ ಯಾವ ಲೋಹವೂ ಇರಕೂಡದು. ಮೆಷಿನ್ 3 ಟೆಸ್ಲಾದ್ದು, ಭೂಮಿಯ ಕಾಂತಶಕ್ತಿಯ ಹತ್ತಾರು ಸಾವಿರ ಪಟ್ಟು. ಉಡಿದಾರ ಬಿಚ್ಚಬೇಕು ಎಂದಾಗ ಅವನ ತಾಯಿ ಸುಮ್ಮನಾದರು. “ಹುಟ್ಟಿದಾಗಿಂದ ಬಿಚ್ಚಿಲ್ಲ ಮೇಡಂ” ಎಂದರು. ಕೊನೆಗೆ ತಾವೇ ಬಿಚ್ಚಿ, ಸ್ಕ್ಯಾನ್ ಮುಗಿಯುವವರೆಗೆ ಮುಷ್ಟಿಯಲ್ಲಿ ಬಿಗಿಹಿಡಿದು ಕೂತರು.

ಅವರೂ ಎಲ್ಲರಂತೆ ಕೇಳಿದರು: “ಸ್ಕ್ಯಾನಲ್ಲಿ ಆಟಿಸಂ ಕಾಣುತ್ತಾ?” ಕಾಣುವುದಿಲ್ಲ. ಇವತ್ತಿಗೂ ಆಟಿಸಂ ಗುರುತಿಸುವುದು ಮಗುವಿನ ಜೊತೆ ಕೂತು, ಆಡಿಸಿ, ಮನೆಯವರನ್ನು ವಿಚಾರಿಸಿ. ಫಿಟ್ಸ್ ಥರದ ಕಾರಣವಿದ್ದರೆ ಡಾಕ್ಟರು ಎಂಆರ್‌ಐ ಬರೆದುಕೊಡುತ್ತಾರೆ, ಅದು ಬೇರೆ ಮಾತು. ನಮ್ಮದು ನೂರಾರು ಮಕ್ಕಳ ಸರಾಸರಿಯಲ್ಲಿ ಹುಡುಕುವ ಕೆಲಸ. ಇದನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಕೇಳಿ ವಾಪಸ್ ಹೋದವರೂ ಇದ್ದಾರೆ.

ತಲೆ ಅಲ್ಲಾಡುವುದು ಎಷ್ಟು ಮೋಸ ಮಾಡುತ್ತದೆ ಎಂದು ನಾನು ಕಲಿತದ್ದು ಇದಕ್ಕೂ ಮೊದಲು. ‘ಅಬೈಡ್’ ಎಂಬ ದತ್ತಾಂಶ ಸಂಗ್ರಹವಿದೆ. ಅಮೆರಿಕ ಮತ್ತು ಯುರೋಪಿನ 17 ಕೇಂದ್ರಗಳು 1112 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ 2012ರಲ್ಲಿ ಎಲ್ಲರಿಗೂ ತೆರೆದಿಟ್ಟವು. ಅದರಲ್ಲಿ ಆಟಿಸಂ ಇರುವವರು 539, ಇಲ್ಲದವರು 573. ನಾನು ಲೆಕ್ಕ ಕಲಿತದ್ದು ಅದರಲ್ಲೇ. ಮೊದಲ ಸಲವೇ ಸೊಗಸಾದ ಫಲಿತಾಂಶ ಬಂತು: ಆಟಿಸಂ ಇರುವವರಲ್ಲಿ ದೂರದೂರದ ಭಾಗಗಳ ನಂಟು ಸಡಿಲ. 2004ರಿಂದ ಚರ್ಚೆಯಲ್ಲಿದ್ದ ವಾದಕ್ಕೆ ಸರಿಯಾಗಿ ಹೊಂದುತ್ತಿತ್ತು. ಖುಷಿಯಿಂದ ನಮ್ಮ ಸರ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: “ಯಾರ ತಲೆ ಎಷ್ಟು ಅಲ್ಲಾಡಿದೆ, ನೋಡಿದ್ಯಾ?”

ನೋಡಿರಲಿಲ್ಲ. ತಲೆ ಚೂರು ಸರಿದರೂ ಹತ್ತಿರದ ಭಾಗಗಳ ನಂಟು ಗಟ್ಟಿಯಾಗಿ, ದೂರದ್ದು ಸಡಿಲವಾಗಿ ಕಾಣುತ್ತದೆ. 2012ರಲ್ಲೇ ಬೇರೆ ಬೇರೆ ತಂಡಗಳು ಇದನ್ನು ತೋರಿಸಿದ್ದವು. ಎರಡು ಚಿತ್ರಗಳ ನಡುವೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಸರಿದ ಕಡೆಯೆಲ್ಲ ಕತ್ತರಿಸಿ, ಎರಡೂ ಗುಂಪಿನ ಚಲನೆ ಸರಿಸಮ ಮಾಡಿ ಮತ್ತೆ ಲೆಕ್ಕ ಹಾಕಿದೆ. ನನ್ನ ಸೊಗಸಾದ ಫಲಿತಾಂಶದಲ್ಲಿ ಉಳಿದದ್ದು ಚೂರುಪಾರು. ಎರಡು ದಿನ ಊಟ ರುಚಿಸಲಿಲ್ಲ.

ಆದರೆ ಕತ್ತರಿಸುವುದರಲ್ಲೂ ಒಂದು ಮೋಸವಿದೆ. ಜಾಸ್ತಿ ಅಲ್ಲಾಡುವವರು ಸಾಮಾನ್ಯವಾಗಿ ಚಿಕ್ಕ ಮಕ್ಕಳು, ಮಾತು ಬಾರದವರು, ಆರೈಕೆ ಹೆಚ್ಚು ಬೇಕಾದವರು. ಕತ್ತರಿಸುತ್ತಾ ಹೋಗಿ ಅವರನ್ನೆಲ್ಲ ಲೆಕ್ಕದಿಂದಲೇ ತೆಗೆದರೆ ಉಳಿಯುವವರು ಚೆನ್ನಾಗಿ ಮಾತಾಡುವ, ಹೇಳಿದ್ದು ಕೇಳುವ ದೊಡ್ಡ ಹುಡುಗರು. ಆಮೇಲೆ ಅವರ ಮೆದುಳು ನೋಡಿ ‘ಆಟಿಸಂ ಹೀಗೆ’ ಎಂದು ಬರೆಯುತ್ತೇವೆ. ನನಗೆ ಇದು ತಲೆ ಅಲ್ಲಾಡುವುದಕ್ಕಿಂತ ದೊಡ್ಡ ತಪ್ಪು ಅನಿಸುತ್ತದೆ. ಅದಕ್ಕೇ ಈ ಟನೆಲ್, ಈ ಹೆಲ್ಮೆಟ್. ಸ್ಕ್ಯಾನ್ ಆಗದೆ ಹೋದ ಮಕ್ಕಳಿಗೂ ನನ್ನ ಪಟ್ಟಿಯಲ್ಲಿ ಒಂದೊಂದು ಸಾಲು ಇರುತ್ತದೆ.

ಆ ಹುಡುಗನನ್ನು ಮತ್ತೆ ಕರೆಸಿದೆ. ಈ ಸಲ ಮೈಕ್ ಮುಟ್ಟಲಿಲ್ಲ. ಮಾತಿನ ಬದಲು ಪರದೆಯ ಮೇಲೆ ಬೋರ್‌ವೆಲ್ ಲಾರಿಯ ಚಿತ್ರ, ಮುಗಿಯುತ್ತಾ ಬಂದಂತೆ ಒಂದೊಂದೇ ಚಕ್ರ ಮಾಯ. ಗ್ರಾಫ್ ಆರು ನಿಮಿಷವೂ ನೆಟ್ಟಗಿತ್ತು. ಹೊರಬಂದವನೇ ತಾಯಿಯ ಮುಷ್ಟಿ ಬಿಡಿಸಿ ತಾಯಿತ ತೆಗೆದು, “ಅಲ್ಲಾಡಬೇಡ” ಎಂದು ಅವರ ಕೈಗೇ ಹೇಳಿದ.

ಈಗ ಮಾತಾಡದ ಏಳು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಾಳೆ. ಮೂರು ಶನಿವಾರ ಆಯ್ತು, ಟನೆಲ್ ಒಳಗೆ ಕಾಲು ಮಾತ್ರ ಇಡುತ್ತಾಳೆ. ನಾಲ್ಕನೆಯದು ನಾಡಿದ್ದು.