ಹೆಡ್‌ಫೋನಿನಲ್ಲೇ ಮಿಕ್ಸ್ ಮಾಡುವುದು: ನನ್ನ ಅನುಭವ

ಮನೆಯವರೆಲ್ಲ ಮಲಗಿದ ಮೇಲೆಯೇ ನನಗೆ ಮಿಕ್ಸ್‌ಗೆ, ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ, ಕೂರಲು ಬಿಡುವು. ಸ್ಪೀಕರ್ ಹಾಕುವ ಹಾಗಿಲ್ಲ. ಹಾಗಾಗಿ ನನ್ನ ಕೆಲಸದ ಬಹುಪಾಲು ನಡೆದಿರುವುದು ಒಂದೇ ಓಪನ್ ಬ್ಯಾಕ್ (ಹಿಂಬದಿ ತೆರೆದಿರುವ) ಹೆಡ್‌ಫೋನಿನಲ್ಲಿ.

ಮೊದಲ ಹಾಡು ಮುಗಿದ ರಾತ್ರಿ ಎಲ್ಲವೂ ಹದವಾಗಿ ಕೂತಿದೆ ಅನ್ನಿಸಿತ್ತು. ಮಾರನೇ ದಿನ ಗೆಳೆಯನ ಕಾರಿನಲ್ಲಿ ಹಾಕಿದೆ. ಅರ್ಧ ನಿಮಿಷಕ್ಕೇ ಅವನು, "ಏನೋ ಇದು, ಬರೀ ಗುಂ ಗುಂ ಅಂತಿದೆ. ಏನು ಹಾಡ್ತಿದಾರೆ ಅಂತ ಒಂದು ಪದಾನೂ ತಿಳೀತಿಲ್ಲ" ಅಂದ. ಅವನು ಹೇಳಿದ್ದು ನಿಜ. ಬೇಸ್ ಗಿಟಾರಿಗೆ ಬಾಗಿಲೇ ಅದುರುತ್ತಿತ್ತು, ದನಿ ಅದರಡಿ ಮುಳುಗಿತ್ತು, ಗಂಟೆಗಟ್ಟಲೆ ಕೂತು ಹೊಂದಿಸಿದ್ದ ರಿವರ್ಬ್ (ಸದ್ದು ನಿಂತ ಮೇಲೂ ಉಳಿಯುವ ಅನುರಣನ) ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಒಂದೊಂದಾಗಿ ಕಾರಣ ಹುಡುಕಿದೆ. ಸ್ಪೀಕರಿನ ಬೇಸನ್ನು ಕಿವಿಯ ಜೊತೆ ಮೈಯೂ ಕೇಳುತ್ತದೆ. ಹೆಡ್‌ಫೋನಿನಲ್ಲಿ ಎದೆಗೆ ತಟ್ಟುವ ಆ ಗುದ್ದು ಇಲ್ಲ. ಸಾಲದ್ದಕ್ಕೆ ನನ್ನ ಹೆಡ್‌ಫೋನಿನಲ್ಲಿ 50 ಹರ್ಟ್ಜ್ ಕೆಳಗೆ ಸದ್ದು ಕುಸಿಯುತ್ತದೆ. ಕಡಿಮೆಯಾಯಿತೆಂದು ನಾನು ಏರಿಸುತ್ತಲೇ ಹೋಗಿದ್ದೆ. ದನಿಯದ್ದು ಬೇರೆ ಕಥೆ. ಕಿವಿಗೆ ಅಂಟಿಕೊಂಡೇ ಹಾಡುತ್ತಿರುವಾಗ ಫೇಡರ್ (ಸದ್ದಿನ ಮಟ್ಟ ಏರಿಳಿಸುವ ಜಾರುಗುಂಡಿ) ಎಷ್ಟೇ ಕೆಳಗಿದ್ದರೂ ಪ್ರತಿ ಅಕ್ಷರ ಸ್ಪಷ್ಟ. ಹಾಗಾಗಿ ಸಾಕು ಅನ್ನಿಸಿಬಿಡುತ್ತದೆ. ರಿವರ್ಬಿನ ಬಾಲವೂ ಅಷ್ಟೇ. ಕೋಣೆಯ ಗದ್ದಲ, ಗೋಡೆಗಳ ಪ್ರತಿಧ್ವನಿ ಇಲ್ಲದ ಕಡೆ ಅದು ಕೊನೆಯವರೆಗೂ ಕೇಳುತ್ತದೆ, ಕಾರಿನಲ್ಲಿ ಕರಗಿಹೋಗುತ್ತದೆ.

ಹೊಸ ಹೆಡ್‌ಫೋನ್ ಕೊಳ್ಳುವ ಯೋಚನೆ ಬಿಟ್ಟು ಇದ್ದುದನ್ನೇ ಅರಿಯಲು ಕೂತೆ. ವರ್ಷಗಳಿಂದ ಎಲ್ಲೆಲ್ಲೋ ಕೇಳಿ ಬಾಯಿಪಾಠವಾಗಿದ್ದ ಹತ್ತು ಹಾಡುಗಳನ್ನು ಇದರಲ್ಲೇ ಮತ್ತೆ ಮತ್ತೆ ಕೇಳಿದೆ. 20ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸೈನ್ ಟೋನ್ (ಬೇರೇನೂ ಬೆರೆಯದ ಶುದ್ಧ ಸ್ವರ) ಹಾಕಿ ಎಲ್ಲಿ ಸದ್ದು ಎದ್ದೇಳುತ್ತದೆ ಎಂದು ಬರೆದಿಟ್ಟುಕೊಂಡೆ. ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಈ ಟೋನ್ ನಂಬಿ ಈಕ್ಯೂ ಮಾಡಬೇಡಿ, ಅಂದರೆ ಆಯ್ದ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸಿ ತಿದ್ದಬೇಡಿ. ಅಲ್ಲಿ ಕೇಳುವ ಏರುತಗ್ಗುಗಳಲ್ಲಿ ನಿಮ್ಮ ಕಿವಿಯದ್ದೇ ಪಾಲೂ ಇರುತ್ತದೆ.

ಕ್ರಾಸ್‌ಫೀಡ್ ಪ್ಲಗಿನ್ (ಒಂದು ಬದಿಯ ಸದ್ದನ್ನು ತುಸು ಇನ್ನೊಂದು ಕಿವಿಗೂ ಬೆರೆಸುವ ತಂತ್ರಾಂಶ) ಹಾಕಿದ ಮೇಲೆ ಪ್ಯಾನ್, ಅಂದರೆ ಯಾವ ಸದ್ದು ಎಡಕ್ಕೆ ಯಾವುದು ಬಲಕ್ಕೆ ಎಂಬ ವಿಚಾರ, ಸುಧಾರಿಸಿತು. ಸ್ಪೀಕರಿನಲ್ಲಿ ಎಡಗಡೆಯ ಸದ್ದು ಬಲಗಿವಿಗೂ ತುಸು ತಡವಾಗಿ, ತುಸು ಮಂದವಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ತಲುಪುವುದೇ ಇಲ್ಲ. ಬಾವರ್ ಎಂಬ ಎಂಜಿನಿಯರ್ 1961ರಲ್ಲೇ ಇದಕ್ಕೊಂದು ಸರ್ಕ್ಯೂಟ್ ಸೂಚಿಸಿದ್ದರು, ಇವತ್ತಿನ ಪ್ಲಗಿನ್‌ಗಳು ಮಾಡುವುದೂ ಅದನ್ನೇ. ಆದರೆ ಇಲ್ಲಿ ನನಗೊಂದು ಪೆಟ್ಟು ಬಿದ್ದಿದೆ. ಕ್ರಾಸ್‌ಫೀಡನ್ನೂ ಹೆಡ್‌ಫೋನ್ ತಿದ್ದುವ ಈಕ್ಯೂವನ್ನೂ ಎಲ್ಲ ಸದ್ದೂ ಸೇರಿ ಹೊರಬರುವ ಮಾಸ್ಟರ್ ಟ್ರ್ಯಾಕಿನಲ್ಲೇ ಇಟ್ಟಿದ್ದೆ. ಅವೆರಡರ ಸಮೇತ ಎಕ್ಸ್‌ಪೋರ್ಟ್ ಮಾಡಿ ಹಾಡಿದವರಿಗೆ ಫೈಲ್ ಕಳಿಸಿಬಿಟ್ಟೆ. ಈಗ ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಮಾನಿಟರಿಂಗ್ ಎಫ್‌ಎಕ್ಸ್‌ನಲ್ಲಿ ಇಡುತ್ತೇನೆ, ಅಲ್ಲಿ ಹಾಕಿದ್ದು ನನಗಷ್ಟೇ ಕೇಳುತ್ತದೆ, ಎಕ್ಸ್‌ಪೋರ್ಟ್ ಆದ ಫೈಲಿಗೆ ಸೇರುವುದಿಲ್ಲ.

ನಿಜವಾದ ಬದಲಾವಣೆ ಬಂದದ್ದು ಮಾತ್ರ ಫೇಡರ್ ಹೊಂದಿಸುವ ಕೆಲಸವನ್ನು ಹೆಡ್‌ಫೋನಿನಿಂದ ಹೊರಗೆ ತಂದಾಗ. ಮಾಸ್ಟರನ್ನು ಮೋನೋ ಮಾಡಿ (ಎಡ, ಬಲ ಎರಡನ್ನೂ ಒಂದಾಗಿಸಿ), ಫೋನಿನ ಪುಟ್ಟ ಸ್ಪೀಕರಿನಲ್ಲಿ, ಪಕ್ಕದಲ್ಲಿ ಪಿಸುಮಾತು ಆಡಿದರೂ ಕೇಳುವಷ್ಟು ಸಣ್ಣ ಸದ್ದಿನಲ್ಲಿ ಹಾಕುತ್ತೇನೆ. ಮಲಗಿದವರಿಗೆ ಅದರಿಂದ ತೊಂದರೆಯಿಲ್ಲ. ಸದ್ದು ಇಳಿದಂತೆ ನಮ್ಮ ಕಿವಿಗೆ ಬೇಸ್ ಬೇಗ ಮಾಯವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಉಳಿಯುವುದು ನಡುವಿನ ಭಾಗ. ದನಿ ಸರಿಯಿದೆಯೋ ಇಲ್ಲವೋ ಅಲ್ಲಿ ತಕ್ಷಣ ಗೊತ್ತಾಗುತ್ತದೆ. ಆ ಮೊದಲ ಹಾಡನ್ನು ಮತ್ತೆ ತೆಗೆದು ಹೀಗೆ ಕೇಳಿದಾಗ ಪಲ್ಲವಿಯಲ್ಲಿ ಸಾಲಿನ ಕೊನೆಯ ಪದಗಳೆಲ್ಲ ನುಂಗಿಹೋಗಿದ್ದವು. ದನಿಯನ್ನು ಒಂದೂವರೆ ಡೆಸಿಬಲ್ ಏರಿಸಿ, ಆ ಕೊನೆಯ ಪದಗಳಿಗಷ್ಟೇ ಆಟೊಮೇಶನ್‌ನಲ್ಲಿ (ಫೇಡರ್ ತಾನಾಗಿ ಏರಿಳಿಯುವಂತೆ ಗುರುತಿಟ್ಟು) ಇನ್ನೊಂದು ಡೆಸಿಬಲ್ ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡರೆ ದನಿ ಅತಿಯಾಯಿತು ಅನ್ನಿಸಿತು. ಆದರೂ ಮುಟ್ಟಲಿಲ್ಲ.

ಅದೇ ಮೋನೋದಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಗಿಟಾರ್ ಅಗಲವಾಗಿ ಕೇಳಲೆಂದು ಅದರ ನಕಲನ್ನು 12 ಮಿಲಿಸೆಕೆಂಡ್ ತಡಮಾಡಿ ಇನ್ನೊಂದು ಬದಿಗೆ ಹಾಕಿದ್ದೆ. ಹೆಡ್‌ಫೋನಿನಲ್ಲಿ ಸೊಗಸಾಗಿತ್ತು. ಎರಡೂ ಒಂದಾದಾಗ ಸುಮಾರು 83 ಹರ್ಟ್ಜ್‌ಗೆ ಒಂದರಂತೆ ಸಾಲುಸಾಲಾಗಿ ಸದ್ದು ಅಳಿಸಿಹೋದ ತೂತುಗಳು ಬಿದ್ದು, ತಗಡಿನ ಡಬ್ಬಿಯೊಳಗೆ ನುಡಿಸಿದ ಹಾಗಾಯಿತು. ನಕಲು ಅಳಿಸಿ, ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ ರೆಕಾರ್ಡ್ ಮಾಡಿದೆ.

ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ತೀರ ತಗ್ಗಿನ ಸ್ವರದ ತಂತಿ 41 ಹರ್ಟ್ಜ್. ಅದು ನನ್ನ ಹೆಡ್‌ಫೋನಿನಲ್ಲಿ ಸರಿಯಾಗಿ ಕೇಳುವುದಿಲ್ಲ, ಅದರ ದುಪ್ಪಟ್ಟು 82 ಕೇಳುತ್ತದೆ. ಆದ್ದರಿಂದ 80ರಿಂದ ಮೇಲಕ್ಕೆ ಕಿವಿಯಿಂದ ತೀರ್ಮಾನಿಸುತ್ತೇನೆ. ಅದರ ಕೆಳಗಿನದ್ದಕ್ಕೆ ಸ್ಪೆಕ್ಟ್ರಮ್ ಅನಲೈಸರಿನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಎಂದು ಚಿತ್ರವಾಗಿ ತೋರಿಸುವ ಸಾಧನ) ಅದೇ ಬಗೆಯ ಒಂದು ಒಳ್ಳೆಯ ಹಾಡನ್ನು ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ಆ ಹಾಡನ್ನು ಮೊದಲು 8-10 ಡೆಸಿಬಲ್ ಇಳಿಸಿ ನನ್ನ ಮಿಕ್ಸಿನ ಮಟ್ಟಕ್ಕೆ ತರಬೇಕು. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಒಪ್ಪಿಕೊಂಡುಬಿಡುತ್ತದೆ. ಬೇಸ್‌ಗೆ ತುಸು ಸ್ಯಾಚುರೇಶನ್ (ಮೇಲಿನ ಫ್ರೀಕ್ವೆನ್ಸಿಗಳನ್ನು ಸೇರಿಸುವ ಹಗುರ ಒರಟುತನ) ಕೊಟ್ಟರೆ ಫೋನಿನಲ್ಲೂ ಅದರ ಸ್ವರ ತಿಳಿಯುತ್ತದೆ.

ಮುಕ್ಕಾಲು ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದಿಡುತ್ತೇನೆ. ದಣಿದ ಕಿವಿ ಹೈ ಫ್ರೀಕ್ವೆನ್ಸಿ ಸಾಲದು ಎನ್ನುತ್ತದೆ, ಏರಿಸಿದರೆ ಬೆಳಿಗ್ಗೆ ಸಿಂಬಲ್ ಚುಚ್ಚುತ್ತದೆ. ಕಿವಿ ಕಾಯುವ ಲೆಕ್ಕವೂ ಇದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿಯೆಂದರೆ, 88ರಲ್ಲಿ ಅದು 4 ಗಂಟೆಗೆ ಇಳಿಯುತ್ತದೆ.

ರಿವರ್ಬ್ ಮಾತ್ರ ಇಂದಿಗೂ ನನಗೆ ಪೂರ್ತಿ ಒಲಿದಿಲ್ಲ. ಹೆಡ್‌ಫೋನಿನಲ್ಲಿ ಸರಿಯೆನಿಸಿದ ಮೇಲೆ ಒಂದು ಡೆಸಿಬಲ್ ಹೆಚ್ಚಿಸಿಟ್ಟು, ಬೆಳಿಗ್ಗೆ ಅದೇ ಗೆಳೆಯನ ಕಾರಿನಲ್ಲಿ ಕೇಳಿ, ಮತ್ತೆ ಬಂದು ತಿದ್ದುತ್ತೇನೆ. ಹೋದ ತಿಂಗಳ ಹಾಡಿಗೆ ಎರಡು ಸಲ ಹೋಗಿ ಬಂದೆ.